ಹಿರಿಯರ ಹರ್ನಿಯಾಕ್ಕೆ ಲ್ಯಾಪರೊಸ್ಕೋಪಿ: ಮೈಸೂರಿನ ಒಂದು ಆಸ್ಪತ್ರೆಯ ಸೇವೆಯ ಕುರಿತು

ಎಂಬತ್ತರ ಸಮೀಪದಲ್ಲಿರುವ ನಮ್ಮ ತಂದೆಯವರಿಗೆ ತೊಡೆಸಂದಿನ ಎರಡೂ ಬದಿಗಳಲ್ಲಿ ಹರ್ನಿಯಾ (ಸ್ನಾಯು ದುರ್ಬಲವಾದ ಜಾಗದಿಂದ ಹೊಟ್ಟೆಯ ಒಳಭಾಗ ಹೊರಚಾಚುವ ತೊಂದರೆ) ಇದ್ದುದರಿಂದ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಲ್ಯಾಪರೊಸ್ಕೋಪಿ, ಅಂದರೆ ಚಿಕ್ಕ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಅಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಶಸ್ತ್ರಚಿಕಿತ್ಸೆಗೆ ಮೊದಲು ನಡೆದ ತಪಾಸಣೆ.

ರಂಧ್ರ ಚಿಕ್ಕದಾದ್ದರಿಂದ ಅಪಾಯವೂ ಚಿಕ್ಕದೆಂದು ಅನೇಕರು ನಂಬಿರುತ್ತಾರೆ. ಆದರೆ ಈ ವಿಧಾನಕ್ಕೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕಾಗುತ್ತದೆ. ಉಪಕರಣಗಳನ್ನು ಆಡಿಸಲು ಒಳಗೆ ತುಂಬುವ ಇಂಗಾಲದ ಡೈಆಕ್ಸೈಡ್, ವಯಸ್ಸಾದವರ ಹೃದಯ ಮತ್ತು ಶ್ವಾಸಕೋಶಗಳಿಗೆ ಹೊರೆಯಾಗಬಲ್ಲದು. ವೈದ್ಯರು ಇದನ್ನು ನಮ್ಮೆದುರು ಸ್ಪಷ್ಟವಾಗಿ ಹೇಳಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ತಂದೆಯವರು ನುಂಗುತ್ತಿದ್ದ ರಕ್ತ ತೆಳುವಾಗಿಸುವ ಮಾತ್ರೆಯ ಬಗ್ಗೆ ಹೃದ್ರೋಗ ತಜ್ಞರ ಅಭಿಪ್ರಾಯ ಪಡೆದ ಮೇಲೆಯೇ ದಿನಾಂಕ ಗೊತ್ತುಮಾಡಿದರು. ಹೃದಯ ದುರ್ಬಲವಾಗಿದ್ದರೆ ಸೊಂಟದ ಕೆಳಗಿನ ಆ ಭಾಗವನ್ನಷ್ಟೇ ಮರಗಟ್ಟಿಸಿ ತೆರೆದ ಶಸ್ತ್ರಚಿಕಿತ್ಸೆ ಮಾಡುವುದೇ ಲೇಸು ಎಂದು ಅವರಾಗಿಯೇ ತಿಳಿಸಿದ್ದು ನಮ್ಮಲ್ಲಿ ವಿಶ್ವಾಸ ಮೂಡಿಸಿತು.

ಎರಡೂ ಬದಿಯ ಹರ್ನಿಯಾಕ್ಕೆ ಈ ವಿಧಾನ ನಿಜವಾಗಿಯೂ ಅನುಕೂಲಕರ. ಹೊಕ್ಕುಳಿನ ಬಳಿ 10 ಮಿ.ಮೀ.ನ ಒಂದು, ಅದರ ಕೆಳಗೆ 5 ಮಿ.ಮೀ.ನ ಎರಡು ರಂಧ್ರಗಳ ಮೂಲಕವೇ ಎರಡೂ ಕಡೆ ಸ್ನಾಯುವಿನ ಹಿಂದೆ ದುರ್ಬಲ ಭಾಗಕ್ಕೆ ಆಸರೆಯಾಗುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಜಾಲರಿಯನ್ನು ಹಾಸಿದರು. ತೆರೆದ ವಿಧಾನದಲ್ಲಾದರೆ ಎರಡು ಕಡೆ ಕೊಯ್ಯಬೇಕಿತ್ತು. ತಂದೆಯವರು ಮರುದಿನವೇ ಆಧಾರವಿಲ್ಲದೆ ನಡೆದಾಡಿದರು, ನೋವಿನ ಮಾತ್ರೆಯೂ ಹೆಚ್ಚು ಬೇಕಾಗಲಿಲ್ಲ. ವೃದ್ಧರು ಹಾಸಿಗೆ ಹಿಡಿದಷ್ಟೂ ಕಫ ಕಟ್ಟುವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯವಿರುವುದರಿಂದ ಇದು ಸಣ್ಣ ಲಾಭವಲ್ಲ.

ಕೊರತೆ ಕಂಡದ್ದು ನಂತರದ ಆರೈಕೆಯಲ್ಲಿ. ತಂದೆಯವರಿಗೆ ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರುವ ಗ್ರಂಥಿ) ತೊಂದರೆ ಇರುವುದು ಕಡತದಲ್ಲಿದ್ದರೂ, ಶಸ್ತ್ರಚಿಕಿತ್ಸೆಯ ಬಳಿಕ ಮೂತ್ರ ಕಟ್ಟಬಹುದೆಂದು ಯಾರೂ ನಮ್ಮನ್ನು ಎಚ್ಚರಿಸಿರಲಿಲ್ಲ. ಆ ರಾತ್ರಿ ಅವರು ಮೂತ್ರ ಕಟ್ಟಿ ಹೊಟ್ಟೆಯುಬ್ಬರದಿಂದ ಒದ್ದಾಡುತ್ತಿದ್ದರೂ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಲು ಬಹಳ ತಡವಾಯಿತು. ಹಿರಿಯ ರೋಗಿಗಳನ್ನೇ ಹೆಚ್ಚು ನೋಡುವ ವಿಭಾಗದಲ್ಲಿ ಈ ಅಲಕ್ಷ್ಯ ಸಲ್ಲದು. ಜಾಲರಿಯ ಬೆಲೆ ಮೊದಲು ಕೊಟ್ಟ ಅಂದಾಜು ಪಟ್ಟಿಯಲ್ಲಿರದೆ ಬಿಲ್ಲಿನಲ್ಲಿ ಬಂತು. ಬಿಡುಗಡೆಯ ಸೂಚನೆಗಳು ಇಂಗ್ಲಿಷಿನಲ್ಲಿ ಮಾತ್ರ ಇದ್ದವು. ಭಾರ ಎತ್ತಬಾರದು, ಮಲಬದ್ಧತೆಗೆ ಅವಕಾಶ ಕೊಡಬಾರದು ಎಂಬುದನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದರೆ ತಂದೆಯವರೇ ಓದಿಕೊಳ್ಳುತ್ತಿದ್ದರು.

ಇಷ್ಟಿದ್ದರೂ, ಹೃದಯ ಮತ್ತು ಶ್ವಾಸಕೋಶ ಗಟ್ಟಿಯಿರುವ, ಎರಡೂ ಬದಿಗೆ ಹರ್ನಿಯಾ ಇರುವ ಹಿರಿಯರಿಗೆ ಈ ಸೇವೆಯನ್ನು ಶಿಫಾರಸು ಮಾಡುತ್ತೇನೆ. ದಾಖಲಾಗುವ ಮುನ್ನ ಜಾಲರಿಯ ಬೆಲೆಯನ್ನು ಬರಹದಲ್ಲಿ ಪಡೆಯಿರಿ. ಪ್ರಾಸ್ಟೇಟ್ ತೊಂದರೆಯಿದ್ದರೆ ರಾತ್ರಿ ಪಾಳಿಯ ದಾದಿಯರಿಗೂ ನೀವೇ ತಿಳಿಸಿ.