ಕುರಿಮರಿ ಮತ್ತು ನಾಯಿಯ ‘ಸ್ನೇಹ’ದ ಚಿತ್ರಕ್ಕೆ ಹಣ ಕೊಡುವ ಮುನ್ನ

ನನ್ನ ಬಳಿ ಒಂದು ಛಾಯಾಚಿತ್ರವಿದೆ. ಮುಧೋಳ ತಳಿಯ ನಾಯಿಯೊಂದು ಬಂಡೂರು ಕುರಿಮರಿಯ ಬೆನ್ನಿನ ಮೇಲೆ ಗದ್ದವನ್ನೂರಿ ಮಲಗಿದೆ, ಮರಿಯ ಕಣ್ಣು ಅರೆ ಮುಚ್ಚಿದೆ, ಹಿಂದಿನಿಂದ ಬಿದ್ದ ಬೆಳಗಿನ ಬಿಸಿಲಿಗೆ ಎರಡರ ಮೈಯ ಅಂಚೂ ಹೊಳೆಯುತ್ತಿದೆ. ಇದನ್ನು ಕಂಡವರಲ್ಲಿ ಹಲವರು ಒಂದೊಂದು ಪ್ರತಿಯನ್ನು ಕೇಳಿ ಪಡೆದಿದ್ದಾರೆ. ಚಿತ್ರ ತೆಗೆದ 11 ನಿಮಿಷಗಳ ನಂತರ ಅದೇ ನಾಯಿ ಅದೇ ಮರಿಯ ತೊಡೆಗೆ ಬಾಯಿ ಹಾಕಿತು. ಮೂರನೆಯ ದಿನ ಮರಿ ಸತ್ತಿತು. ಇಂಥ ಚಿತ್ರಗಳಿಗಾಗಿ ಹಣ ಕೊಟ್ಟು ತೋಟಗಳಿಗೆ ಹೋಗಬೇಕೆಂದು ಯೋಚಿಸುತ್ತಿರುವವರು ಹೊರಡುವ ಮೊದಲು ಓದಲಿ ಎಂದು, ನನ್ನ ತಪ್ಪನ್ನೂ ಮರೆಮಾಚದೆ, ನಡೆದದ್ದನ್ನು ಬರೆಯುತ್ತಿದ್ದೇನೆ.

ಜಾತಿ ಬೇರೆಯಾದ ಪ್ರಾಣಿಗಳ ಒಡನಾಟದ ಬಗ್ಗೆ ನನ್ನ ಕುತೂಹಲ ಹಳೆಯದು. ಬಾಲ್ಯದಲ್ಲಿ ಶೃಂಗೇರಿಗೆ ಹೋದಾಗಲೆಲ್ಲ ತುಂಗೆಯ ದಡದ ಕಪ್ಪೆ ಶಂಕರದ ಮುಂದೆ ನಿಂತು, ಸುಡುಬಿಸಿಲಿನಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಗೆ ಸರ್ಪವು ಹೆಡೆಯನ್ನು ಕೊಡೆಯಾಗಿ ಹಿಡಿದ ಕಥೆಯನ್ನು ಅಜ್ಜಿಯಿಂದ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದೆ. ದೊಡ್ಡವಳಾದ ಮೇಲೆ, 2002ರ ಸುಮಾರಿಗೆ ಗುಜರಾತಿನ ವಡೋದರಾ ಜಿಲ್ಲೆಯ ಅಂತೋಲಿ ಗ್ರಾಮದಲ್ಲಿ ಚಿರತೆಯೊಂದು ರಾತ್ರಿಯ ಹೊತ್ತು ಬಂದು ಕಟ್ಟಿದ್ದ ಹಸುವಿನ ಪಕ್ಕದಲ್ಲಿ ಕೂರುತ್ತಿದ್ದ ಸಂಗತಿಯನ್ನು ಓದಿದಾಗಲೂ ಅದೇ ಬೆರಗು ಆಗಿತ್ತು. ಅಲ್ಲಿ ಆ ಪ್ರಾಣಿಗಳನ್ನು ಯಾರೂ ಹಿಡಿದು ತಂದು ಒಂದೆಡೆ ಕೂರಿಸಿರಲಿಲ್ಲ ಎಂಬುದನ್ನು ಮಾತ್ರ ನಾನು ಆಗ ಯೋಚಿಸಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಒಂದು ಸಣ್ಣ ಪ್ರದರ್ಶನಕ್ಕಾಗಿ 12 ಚಿತ್ರಗಳ ಸರಣಿಯನ್ನು ಕೊಡಲು ಒಪ್ಪಿಕೊಂಡಿದ್ದೆ. ಏಳು ಸಿದ್ಧವಾಗಿದ್ದವು. ಉಳಿದ ಐದಕ್ಕೆ ಕೈಯಲ್ಲಿದ್ದುದು ಮೂರು ವಾರ ಮಾತ್ರ. ಆ ಅವಸರದಲ್ಲಿ, ಮಂಡ್ಯ ಜಿಲ್ಲೆಯ ತೋಟವೊಂದರಲ್ಲಿ ನಾಯಿ ಮತ್ತು ಕುರಿಮರಿ, ಬೆಕ್ಕು ಮತ್ತು ಕೋಳಿಮರಿಗಳು ಒಟ್ಟಿಗೆ ಇರುವುದನ್ನು ಚಿತ್ರೀಕರಿಸಲು ಅವಕಾಶ ಕೊಡುತ್ತಾರೆ ಎಂದು ತಿಳಿದು, ಎರಡು ಗಂಟೆಗೆ 3,500 ರೂಪಾಯಿ ಮುಂಗಡ ಕಟ್ಟಿದೆ. ದೂರವಾಣಿಯಲ್ಲಿ ಮಾತನಾಡಿದ ಮಾಲೀಕರು, “ಹುಟ್ಟಿದಾಗಿನಿಂದಲೂ ಜೊತೆಯಲ್ಲೇ ಬೆಳೆದಿವೆ ಮೇಡಂ, ಒಂದನ್ನು ಬಿಟ್ಟು ಒಂದು ಇರಲ್ಲ” ಎಂದಿದ್ದರು. ಮರಿಗೆ ಹನ್ನೆರಡು ದಿನ, ನಾಯಿಗೆ ಎರಡು ವರ್ಷ ಎಂದು ಅವರೇ ಇನ್ನೊಮ್ಮೆ ಹೇಳಿದಾಗ ಆ ಮಾತು ಹೇಗೆ ನಿಜವಾದೀತು ಎಂದು ನಾನು ಕೇಳಬೇಕಾಗಿತ್ತು.

ಬೆಳಗ್ಗೆ ಏಳಕ್ಕೆ ತಲುಪಿದಾಗ ಮರಿಯನ್ನು ಬುಟ್ಟಿಯೊಂದರ ಕೆಳಗೆ ಕವುಚಿ ಇಟ್ಟಿದ್ದರು. ತಾಯಿಕುರಿ ಕೊಟ್ಟಿಗೆಯೊಳಗಿನಿಂದ ಬಿಟ್ಟೂಬಿಡದೆ ಅರಚುತ್ತಿತ್ತು. ಆ ವಯಸ್ಸಿನ ಕುರಿಮರಿ ದಿನಕ್ಕೆ ಹತ್ತಾರು ಸಲ ಕೆಚ್ಚಲಿಗೆ ಬಾಯಿ ಹಾಕಬೇಕು. ಈ ಮರಿಯ ಪಕ್ಕೆ ಒಳಗೆ ಸರಿದಿತ್ತು. ಕಸ ಗುಡಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ರಾತ್ರಿಯಿಂದ ಹಾಲು ಬಿಟ್ಟಿಲ್ಲ ಕಣವ್ವ, ಹೊಟ್ಟೆ ತುಂಬಿದ್ರೆ ಒಂದ್ ಕಡೆ ನಿಲ್ಲಲ್ಲ ಅಂತಾರೆ” ಎಂದರು. ನಾನು ಅಲ್ಲಿಗೇ ಕ್ಯಾಮೆರಾವನ್ನು ಚೀಲದೊಳಗೆ ಇಡಬೇಕಾಗಿತ್ತು. ಬೆಳಕು ಚೆನ್ನಾಗಿದೆ, ಬೇಗ ಮುಗಿಸಿದರೆ ಮರಿಯನ್ನು ಬೇಗ ತಾಯಿಯ ಬಳಿ ಬಿಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ನೆಲದ ಮೇಲೆ ಮಲಗಿ ಕೆಲಸ ಆರಂಭಿಸಿದೆ. ಆ ಹೆಂಗಸಿನ ಮಾತನ್ನು ಕೇಳಿಯೂ ಮುಂದುವರಿದದ್ದು ಈ ಇಡೀ ಪ್ರಸಂಗದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಸಂಗತಿ.

ಮೊದಲು ಬೆಕ್ಕು ಮತ್ತು ಕೋಳಿಮರಿಗಳ ಸರದಿ. ಎರಡು ದಿನದ ಆರು ಮರಿಗಳು ಬೆಕ್ಕಿನ ಹೊಟ್ಟೆಗೆ ಒತ್ತಿಕೊಂಡು ಕುಳಿತಿದ್ದವು. ಮೊದಲ ವಾರದಲ್ಲಿ ಕೋಳಿಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹೇಂಟೆಯ ರೆಕ್ಕೆಯಡಿಯಲ್ಲೋ ಬಲ್ಬಿನ ಕೆಳಗೋ ಇರಬೇಕಾದ ಮರಿಗಳನ್ನು ಚಳಿಯ ಬೆಳಗ್ಗೆ ಬಯಲಿಗೆ ತಂದಿಟ್ಟರೆ ಅವು ಹತ್ತಿರದಲ್ಲಿ ಯಾವ ಬಿಸಿ ಮೈ ಸಿಕ್ಕರೂ ಅದಕ್ಕೆ ಅಂಟಿಕೊಳ್ಳುತ್ತವೆ. ನಾನು ಅದನ್ನು ನಂಬಿಕೆ ಎಂದು ಓದಿಕೊಂಡೆ.

ನಂತರ ನಾಯಿಯನ್ನು ತಂದರು. ಅದರ ಕೊರಳಿಗೆ ತೆಳುವಾದ ನೈಲಾನ್ ಹಗ್ಗವಿತ್ತು, ಇನ್ನೊಂದು ತುದಿ ಹುಡುಗನೊಬ್ಬನ ಕೈಯಲ್ಲಿತ್ತು. ಮಾಲೀಕರು ನಾಯಿಯ ತಲೆಯನ್ನು ಕೈಯಿಂದ ಒತ್ತಿ ಮರಿಯ ಬೆನ್ನಿನ ಮೇಲೆ ಇಟ್ಟು, ಕೈ ತೆಗೆದು, ‘ಈಗ ತೆಗೀರಿ’ ಎನ್ನುತ್ತಿದ್ದರು. 200 ಮಿಲಿಮೀಟರ್ ಮಸೂರದಲ್ಲಿ ಚೌಕಟ್ಟನ್ನು ಬಿಗಿಯಾಗಿ ಕಟ್ಟಿ, ಹಗ್ಗವನ್ನೂ ಹುಡುಗನನ್ನೂ ಮಾಲೀಕರ ಕೈಯನ್ನೂ ಅದರಿಂದ ಹೊರಗಿಟ್ಟವಳು ನಾನು.

ಆ ಬೆಳಗ್ಗೆ ತೆಗೆದ 412 ಚಿತ್ರಗಳನ್ನು ಆಮೇಲೆ ಒಂದೊಂದಾಗಿ ನೋಡಿದ್ದೇನೆ. ಎಲ್ಲರೂ ಮೆಚ್ಚಿದ ಚಿತ್ರ ಸೆಕೆಂಡಿನ ಐನೂರನೆಯ ಒಂದು ಭಾಗದಲ್ಲಿ ಸಿಕ್ಕಿದ್ದು. ಅದರ ಹಿಂದಿನ ಚಿತ್ರದಲ್ಲಿ ನಾಯಿ ಮುಖವನ್ನು ಆಚೆ ತಿರುಗಿಸಿ ನಾಲಿಗೆಯಿಂದ ಮೂಗನ್ನು ಸವರಿಕೊಳ್ಳುತ್ತಿದೆ. ಮುಂದಿನದರಲ್ಲಿ ಅದರ ಕಣ್ಣಿನ ಬಿಳಿಭಾಗ ಅರ್ಧಚಂದ್ರದಂತೆ ಕಾಣುತ್ತಿದೆ. ಇನ್ನೂ ಕೆಲವದರಲ್ಲಿ ಆಕಳಿಸುತ್ತಿದೆ. ಬಳಲದ ನಾಯಿ ಹೀಗೆ ಮೇಲಿಂದ ಮೇಲೆ ಆಕಳಿಸಿದರೆ ಅದು ಕಸಿವಿಸಿಯಲ್ಲಿದೆ ಎಂದರ್ಥ. ಕೊನೆಯ ಇಪ್ಪತ್ತರಷ್ಟು ಚಿತ್ರಗಳಲ್ಲಿ ಅದರ ಮೈ ಸೆಟೆದುಕೊಂಡಿದೆ, ಬಾಯಿ ಮುಚ್ಚಿದೆ, ನೋಟ ಮರಿಯ ಮೇಲೆ ನೆಟ್ಟಿದೆ. ಬಾಲ ಮಾತ್ರ ಮೆಲ್ಲನೆ ಆಡುತ್ತಿತ್ತು, ಅದನ್ನೇ ನಾನು ಸಂತೋಷ ಎಂದುಕೊಂಡಿದ್ದೆ. ಮರಿಯದ್ದು ಇನ್ನೊಂದು ಬಗೆ. ಬೇಟೆಗೆ ಸಿಗುವ ಪ್ರಾಣಿಗಳು ಓಡಲು ದಾರಿ ಇಲ್ಲದಾಗ ಅಲುಗಾಡದೆ ಉಳಿಯುತ್ತವೆ, ನೋವನ್ನೂ ಭಯವನ್ನೂ ಹೊರಗೆ ತೋರಗೊಡುವುದಿಲ್ಲ. ಆ ಅರೆಮುಚ್ಚಿದ ಕಣ್ಣಿನಲ್ಲಿ ಇದ್ದುದು ಹಸಿವು, ಬಳಲಿಕೆ ಮತ್ತು ಭಯ.

ತಾಯಿಕುರಿ ಮತ್ತೊಮ್ಮೆ ಅರಚಿತು. ಮರಿ ತಟ್ಟನೆ ಎದ್ದು ಕೊಟ್ಟಿಗೆಯ ಕಡೆ ಓಡಿತು. ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ; ಓಡುವ ಮೊಲವನ್ನು ನೋಡಿ ಅಟ್ಟಿಸಿಕೊಂಡು ಹೋಗಲೆಂದೇ ತಲೆತಲಾಂತರದಿಂದ ಆಯ್ದು ಬೆಳೆಸಿದ್ದು. ಎದುರಿಗೆ ಸಣ್ಣ ಪ್ರಾಣಿಯೊಂದು ಓಡಿದ ಮೇಲೆ ಅದು ಮಾಡಿದ್ದು ತನ್ನ ಸ್ವಭಾವಕ್ಕೆ ತಕ್ಕ ಕೆಲಸ, ಅದರ ಮೇಲೆ ನನಗೆ ಕಿಂಚಿತ್ತೂ ಕೋಪವಿಲ್ಲ. ಹಗ್ಗ ಹುಡುಗನ ಕೈಯಿಂದ ಜಾರಿತು. ಮೂವರು ಸೇರಿ ಬಿಡಿಸುವಷ್ಟರಲ್ಲಿ ನಾಯಿಯ ಹಲ್ಲು ನನ್ನ ಮುಂಗೈಗೂ ತಾಗಿತ್ತು.

ಮರಿಯ ಮೈಮೇಲೆ ಕಂಡದ್ದು ನಾಲ್ಕು ಸಣ್ಣ ತೂತುಗಳು ಮಾತ್ರ. ‘ಅರಿಸಿನ ಹಚ್ಚಿದರೆ ವಾಸಿಯಾಗುತ್ತದೆ’ ಎಂದರು ಮಾಲೀಕರು. ನಾನು 1962ಕ್ಕೆ ಕರೆ ಮಾಡಿದೆ. ಆ ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರಲಿ. ಬಂದ ವೈದ್ಯರು ತುಪ್ಪಟ ಕತ್ತರಿಸಿ ತೋರಿಸಿದರು: ಚರ್ಮದ ಕೆಳಗೆ ಮಾಂಸಖಂಡ ಜಜ್ಜಿಹೋಗಿತ್ತು. ನಾಯಿ ಕಚ್ಚಿ ಅಲುಗಾಡಿಸಿದಾಗ ಹೊರಗೆ ಕಾಣುವ ಗಾಯಕ್ಕಿಂತ ಒಳಗಿನ ಗಾಯ ಬಹಳ ದೊಡ್ಡದಿರುತ್ತದೆ, ನಂಜು ಏರುವುದು ಅಲ್ಲಿಂದಲೇ ಎಂದರು. ಮರಿ ಉಳಿಯಲಿಲ್ಲ. ನನ್ನ ಕೈಯ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಆರಂಭಿಸಿದೆ. ನಾಯಿಗೆ ಲಸಿಕೆ ಹಾಕಿಸಿದ್ದಕ್ಕೆ ಒಂದು ಚೀಟಿಯೂ ತೋಟದಲ್ಲಿ ಇರಲಿಲ್ಲ. ಆ ನಾಯಿ ಅಲ್ಲಿಗೆ ಬಂದು ಮೂರೇ ವಾರವಾಗಿತ್ತು ಎಂಬುದನ್ನೂ ಆಗಲೇ ತಿಳಿದೆ.

ಕುರಿ ಮತ್ತು ನಾಯಿ ಒಟ್ಟಿಗೆ ಬಾಳುವುದು ಸುಳ್ಳೆಂದು ನಾನು ಹೇಳುತ್ತಿಲ್ಲ. ಉತ್ತರ ಕರ್ನಾಟಕದ ಕುರಿಗಾಹಿಗಳ ಹಟ್ಟಿಗಳಲ್ಲಿ ನಾಯಿಗಳು ಮಂದೆಯ ನಡುವೆಯೇ ಮಲಗುವುದನ್ನು ಕಂಡವರಿದ್ದಾರೆ. ನಾಯಿಮರಿ ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಯಾರ ಜೊತೆ ಬೆಳೆಯುತ್ತದೆಯೋ ಅವರನ್ನು ತನ್ನವರೆಂದು ಭಾವಿಸುತ್ತದೆ. ಆ ವಯಸ್ಸಿನಲ್ಲೇ ಮಂದೆಗೆ ಸೇರಿ, ತಪ್ಪಿದಾಗ ಗದರಿಸಿಕೊಂಡು, ತಿಂಗಳುಗಟ್ಟಲೆ ಕುರಿಗಳ ನಡುವೆ ಓಡಾಡಿದ ನಾಯಿಯ ಸ್ನೇಹ ನಿಜವಾದದ್ದು. ಮಲೆನಾಡಿನ ನನ್ನ ಚಿಕ್ಕಮ್ಮನ ಮನೆಯಲ್ಲಿ ಬಾತುಕೋಳಿಯ ಮೊಟ್ಟೆಗಳಿಗೆ ಕಾವು ಕೂತ ಹೇಂಟೆಯೊಂದಿತ್ತು. ತನ್ನ ಮೊಟ್ಟೆಗಳಿಗೆ ಬೇಕಾದ 21 ದಿನ ಕಳೆದರೂ ಏಳದೆ 28 ದಿನ ಕೂತು ಮರಿ ಮಾಡಿದ ಆ ಹೇಂಟೆ, ಮರಿಗಳು ನೀರಿಗೆ ಇಳಿದಾಗ ಕೆರೆಯ ಏರಿಯ ಮೇಲೆ ಗಾಬರಿಯಿಂದ ಓಡಾಡುತ್ತಿತ್ತು. ಅದರ ಚಿತ್ರಗಳಿಗೆ ನನಗೆ ಐದು ವಾರ ಹಿಡಿಯಿತು, ಅವುಗಳಲ್ಲಿ ಅರ್ಧದಷ್ಟು ಮಸುಕಾಗಿವೆ. ಮೊದಲು ಸಿದ್ಧವಾದ ಏಳರಲ್ಲಿ ಅದೂ ಒಂದು.

ಆದ್ದರಿಂದ ಯಾರಾದರೂ ಇಂಥ ಚಿತ್ರೀಕರಣಕ್ಕೆ ಕರೆದರೆ, ಹಣ ಕಟ್ಟುವ ಮೊದಲೇ ಮರಿಯ ತಾಯಿ ಎಲ್ಲಿದೆ, ಈ ಎರಡು ಪ್ರಾಣಿಗಳು ಎಷ್ಟು ದಿನದಿಂದ ಒಂದೇ ಕಡೆ ಇವೆ, ಲಸಿಕೆಯ ಚೀಟಿ ಇದೆಯೇ ಎಂದು ಕೇಳಿರಿ. ಕ್ಯಾಮೆರಾ ಹೊರಗೆ ತೆಗೆಯದೆ ಒಂದು ಗಂಟೆ ಸುಮ್ಮನೆ ಕುಳಿತು ನೋಡಿರಿ. ಯಾರೂ ಕೈ ಹಾಕದೆ ಇದ್ದಾಗಲೂ ಅವು ತಾವಾಗಿ ಪರಸ್ಪರರ ಹತ್ತಿರ ಬರುತ್ತವೆಯೇ, ಬೇಡವೆನಿಸಿದರೆ ಎದ್ದು ಹೋಗಲು ದಾರಿ ಇದೆಯೇ ಎಂಬುದು ಆ ಒಂದು ಗಂಟೆಯಲ್ಲಿ ತಿಳಿಯುತ್ತದೆ. ಗಂಟೆಯ ಲೆಕ್ಕಕ್ಕೆ ಸ್ನೇಹವನ್ನು ತೋರಿಸುತ್ತೇವೆ ಎನ್ನುವ ಕಡೆಗೆ ಹೋಗಲೇಬೇಡಿರಿ. ಪ್ರಾಣಿಗೆ ವಿನಾಕಾರಣ ನೋವುಂಟುಮಾಡುವುದು, ಒಡೆಯನಾದವನು ಅದಕ್ಕೆ ಸಾಕಷ್ಟು ಆಹಾರ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ನನ್ನ 412 ಚಿತ್ರಗಳನ್ನೂ ಜೊತೆಗಿಟ್ಟು, ನಾನು ಹಣ ಕೊಟ್ಟದ್ದನ್ನೂ ಬರೆದು ದೂರು ಸಲ್ಲಿಸಿದ್ದೇನೆ. ಪ್ರದರ್ಶನದಿಂದ ಆ ಚಿತ್ರವನ್ನು ಹಿಂದಕ್ಕೆ ಪಡೆದಿದ್ದೇನೆ. ಅದರ ಪ್ರತಿ ಇಟ್ಟುಕೊಂಡವರು ದಯವಿಟ್ಟು ಅದನ್ನು ಇನ್ನೊಬ್ಬರಿಗೆ ಕಳುಹಿಸಬೇಡಿರಿ.

ಕಳೆದ ವಾರ ಆ ತೋಟಕ್ಕೆ ಹೋಗಿಬಂದ ಪರಿಚಿತರೊಬ್ಬರು ತಾವು ತೆಗೆದ ಚಿತ್ರವನ್ನು ನನಗೆ ತೋರಿಸಿದರು. ಕುರಿಮರಿ ಬೇರೆಯದು, ನಾಯಿ ಅದೇ.