ಒಂದೇ ಮನೆ, ಎರಡು ಬಚ್ಚಲು, ಇಬ್ಬರು ಕಂಟ್ರಾಕ್ಟರ್

ನಮ್ಮ ಮನೆಯಲ್ಲಿ ಎರಡು ಬಚ್ಚಲುಮನೆ. ಅಳತೆಯೂ ಒಂದೇ, ವಯಸ್ಸೂ ಒಂದೇ. ಮೊದಲನೆಯದರ ರಿಪೇರಿಯನ್ನು ಕಡಿಮೆ ರೇಟಿನವರಿಗೆ ಕೊಟ್ಟೆ. ಎರಡು ವರ್ಷದ ನಂತರ ಎರಡನೆಯದನ್ನು ಜಾಸ್ತಿ ರೇಟಿನವರಿಗೆ. ಹೋಲಿಸಿ ನೋಡೋಣ ಅಂತ ಮಾಡಿದ್ದಲ್ಲ ಬಿಡಿ, ಪೆಟ್ಟು ತಿಂದು ಮಾಡಿದ್ದು.

ಮೊದಲಿನವರ ಕೊಟೇಷನ್ ಒಂದೇ ಸಾಲು: ‘ಬಾತ್‌ರೂಮ್ ಕೆಲಸ, ಸಾಮಾನು ಸೇರಿ.’ ಕೆಳಗೊಂದು ಮೊತ್ತ, ಬೇರೆಯವರಿಗಿಂತ ಮೂರನೇ ಒಂದು ಭಾಗ ಕಡಿಮೆ. ಖುಷಿಯಾಯಿತು. ಕೆಲಸ ಶುರುವಾದ ಮೇಲೆ ಒಡೆದ ಟೈಲ್ಸ್ ಸಾಗಿಸಲು ಬೇರೆ ದುಡ್ಡು, ಹಳೆ ಪೈಪ್ ಬದಲಿಸಲು ಬೇರೆ ದುಡ್ಡು. ಕೇಳಿದರೆ “ಅದು ಇದರಲ್ಲಿ ಸೇರಿಲ್ಲ ಸಾರ್” ಅನ್ನುವ ಉತ್ತರ. ಉಳಿಸಿದ್ದರಲ್ಲಿ ಅರ್ಧ ಅಲ್ಲೇ ಹೋಯಿತು. ಎರಡನೆಯವರದು ಮೂರು ಪುಟ. ವಾಟರ್‌ಪ್ರೂಫಿಂಗ್ ಎಷ್ಟು ಕೋಟ್, ಗೋಡೆಯ ಮೇಲೆ ಎಷ್ಟು ಎತ್ತರದವರೆಗೆ ಅನ್ನುವುದೂ ಅದರಲ್ಲಿತ್ತು.

ನಿಜವಾದ ವ್ಯತ್ಯಾಸ ಕಂಡಿದ್ದು ನೀರಿನಲ್ಲಿ. ಮೊದಲಿನವರು ವಾಟರ್‌ಪ್ರೂಫಿಂಗ್ ಬಳಿದ ಮರುದಿನವೇ ಟೈಲ್ಸ್ ಕೂರಿಸಿದರು. ಎಂಥಾ ಸ್ಪೀಡು ಅಂತ ನಾನೇ ಹೊಗಳಿದ್ದೆ. ಎಂಟು ತಿಂಗಳಿಗೆ ಕೆಳಗಿನ ಕೋಣೆಯ ಸೀಲಿಂಗ್‌ನಲ್ಲಿ ತಟ್ಟೆಯಷ್ಟಗಲ ಹಳದಿ ಕಲೆ. ಮತ್ತೆ ಒಡೆಸಿದೆ. ಎರಡೂ ಸಲದ ಖರ್ಚು ಕೂಡಿಸಿದರೆ ದುಬಾರಿಯವರ ರೇಟನ್ನೇ ದಾಟಿತ್ತು.

ಎರಡನೆಯವರು ಟೈಲ್ಸ್ ಮುಟ್ಟುವ ಮೊದಲು ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿದರು. ಗೋಡೆಯ ಮೇಲೆ ಪೆನ್ಸಿಲ್ ಗುರುತು. 24 ಗಂಟೆ ಯಾರೂ ಒಳಗೆ ಹೋಗುವಂತಿಲ್ಲ. ಮರುದಿನ ಮೇಸ್ತ್ರಿ ಕೆಳಗಿಳಿದು ಸೀಲಿಂಗ್‌ಗೆ ಟಾರ್ಚ್ ಹಾಕಿದರು. ಪೈಪಿನ ಸುತ್ತ ಸಣ್ಣ ತೇವ! ಸರಿಮಾಡಿ ಇನ್ನೊಮ್ಮೆ ನೀರು ನಿಲ್ಲಿಸಿದರು. ಆಗ ನನಗೆ ಸಿಟ್ಟೇ ಬಂದಿತ್ತು, ಈಗ ಅರ್ಥವಾಗುತ್ತದೆ. ಈ ಪರೀಕ್ಷೆಗೆ ಸಾಮಾನಿನ ಖರ್ಚಿಲ್ಲ, ಆದರೆ ಆಳುಗಳು ಸುಮ್ನೆ ಕೂತಿರುತ್ತಾರೆ, ಕೂಲಿ ಓಡುತ್ತಿರುತ್ತದೆ. ಕಡಿಮೆ ರೇಟಿಗೆ ಒಪ್ಪಿಕೊಂಡವರಿಗೆ ಆ ದಿನ ಗಿಟ್ಟುವುದಿಲ್ಲ.

ನೆಲದ ಇಳಿಜಾರೂ ಹಾಗೇ. ಒಂದು ಮಗ್ ನೀರು ಸುರಿದರೆ ಎರಡನೇ ಬಚ್ಚಲಲ್ಲಿ ಸೀದಾ ಜಾಲರಿಗೆ ಹರಿಯುತ್ತದೆ. ಮೊದಲನೆಯದರಲ್ಲಿ ಬಾಗಿಲ ಹತ್ತಿರ ನಿಲ್ಲುತ್ತಿತ್ತು, ದಿನಾ ವೈಪರ್ ಎಳೆಯಬೇಕಿತ್ತು. ಅದರ ಗೋಡೆಯ ಟೈಲ್ಸನ್ನು ನಾಣ್ಯದಿಂದ ತಟ್ಟಿದರೆ ಅಲ್ಲಲ್ಲಿ ಟೊಳ್ಳು ಸದ್ದು. ಹಿಂದೆ ಪೂರ್ತಿ ಗಾರೆ ಹಚ್ಚದೆ ಐದು ಉಂಡೆ ಇಟ್ಟು ಒತ್ತಿದ್ದರು ಅಷ್ಟೆ.

ಹಾಗಂತ ದುಬಾರಿಯವರದ್ದೆಲ್ಲ ಚಿನ್ನ ಅಂದುಕೊಳ್ಳಬೇಡಿ. ಪಕ್ಕದ ಕೋಣೆಗೆ ಬಣ್ಣ ಹೊಡೆಯಲು ಅವರು ಕಳಿಸಿದ್ದು ಯಾರನ್ನು ಗೊತ್ತಾ? ಹಿಂದಿನ ಸಲ ಕಡಿಮೆ ರೇಟಿನವರ ಕಡೆಯಿಂದ ಬಣ್ಣಕ್ಕೆ ಬಂದಿದ್ದ ಹುಡುಗನನ್ನೇ! “ಗುರುತು ಸಿಕ್ತಾ ಸಾರ್?” ಅಂತ ನಕ್ಕ. ಅದೇ ಕೈ, ಅದೇ ಬ್ರಶ್, ಬಿಲ್ ಮಾತ್ರ ಹೆಚ್ಚುಕಮ್ಮಿ ಎರಡು ಪಟ್ಟು. ಎರಡೂ ಗೋಡೆ ಇವತ್ತಿಗೂ ಚೆನ್ನಾಗಿಯೇ ಇವೆ.

ಮುಂದಿನ ತಿಂಗಳು ಅಡುಗೆಮನೆ ಸರದಿ. ಪೈಪು, ಟೈಲ್ಸ್ ದುಬಾರಿಯವರಿಗೇ. ಬಣ್ಣಕ್ಕೆ ಆ ಹುಡುಗನ ನಂಬರ್ ಇಸಿದುಕೊಂಡಿದ್ದೇನೆ.