ಗ್ಯಾಸ್ ಅಲ್ಲ ಅಂದ ಯಂತ್ರ: ಕ್ಯಾಶುಯಲ್ಟಿ ಸಿಸ್ಟರ್ ಒಬ್ಬಳ ರಿವ್ಯೂ

ನಮ್ಮದು 30 ಹಾಸಿಗೆಯ ನರ್ಸಿಂಗ್ ಹೋಂ. ಮೈಸೂರಿನ ಜಯದೇವ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಒಂದೂವರೆ ಗಂಟೆ. ಹೋದ ವರ್ಷ ನಮ್ಮ ಕ್ಯಾಶುಯಲ್ಟಿಗೆ ಎಐ ಇಸಿಜಿ ಯಂತ್ರ ಬಂತು. ಕಂಪನಿ ಹೆಸರು ಹೇಳುವುದಿಲ್ಲ, ಬೈಯುವುದೂ ಸ್ವಲ್ಪ ಇದೆ.

ಕೆಲಸ ಇಷ್ಟೇ. ನಾವು ತೆಗೆದ ಇಸಿಜಿ ಸಿಮ್ ಮೂಲಕ ಬೆಂಗಳೂರಿಗೆ ಹೋಗುತ್ತದೆ. ಮೊದಲು ಕಂಪ್ಯೂಟರ್ ಓದುತ್ತದೆ. ಆಮೇಲೆ ಅಲ್ಲಿ ಕೂತ ಡಾಕ್ಟರ್ ನೋಡುತ್ತಾರೆ. ಅವರು ಸರಿ ಅಂದ ಮೇಲೆ ರಿಪೋರ್ಟ್ ನಮ್ಮ ಡ್ಯೂಟಿ ಡಾಕ್ಟರ ಫೋನಿಗೆ ಬರುತ್ತದೆ. ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಚ್ಚುಕಮ್ಮಿ ಇದೇ ದಾರಿ. ಅಲ್ಲಿ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ನಮ್ಮಲ್ಲಿ ದುಡ್ಡು ಕೊಡಬೇಕು, ಅದೂ ಸಣ್ಣ ದುಡ್ಡಲ್ಲ.

ಯಂತ್ರಕ್ಕೆ ನಾನು ಕೈಮುಗಿದದ್ದು ಒಂದು ರಾತ್ರಿ. ಬೆಳಗಿನ ಜಾವ 3.40. ಐವತ್ತರ ಆಸುಪಾಸಿನ ರೈತರು, ಬೆವರಿ ತೊಪ್ಪೆಯಾಗಿದ್ದರು. "ಸಿಸ್ಟರ್, ಗ್ಯಾಸ್ ತುಂಬ್ಕೊಂಡಿದೆ. ಸೋಡಾ ಕುಡಿದೆ, ಹೋಗ್ಲಿಲ್ಲ. ಒಂದು ಇಂಜೆಕ್ಷನ್ ಹಾಕ್ಬಿಡಿ." ನಮ್ಮ ಕಡೆ ಎದೆಯುರಿ ಅಂದರೆ ಗ್ಯಾಸೇ ಅಲ್ವಾ? ಡ್ಯೂಟಿ ಡಾಕ್ಟರ್ ಎಂಬಿಬಿಎಸ್ ಮುಗಿಸಿ ಆರು ತಿಂಗಳಾದ ಹುಡುಗ. ಇಸಿಜಿ ನೋಡಿ ಅವರಿಗೂ ಅನುಮಾನ ಬಂತು, ಆದರೆ ಧೈರ್ಯ ಸಾಲದು. ನಾಲ್ಕು ನಿಮಿಷಕ್ಕೆ ರಿಪೋರ್ಟ್ ಬಂತು: ಹೃದಯದ ಕೆಳಭಾಗದಲ್ಲಿ ಹಾರ್ಟ್ ಅಟ್ಯಾಕ್. ಹಿಂದೆಯೇ ಫೋನ್. ಆ ಕಡೆಯ ಡಾಕ್ಟರ್ ಕನ್ನಡದಲ್ಲೇ ಕೇಳಿದರು, "ಸಾರ್ಬಿಟ್ರೇಟ್ ಕೊಟ್ಟಿದ್ದೀರಾ? ಕೊಡಬೇಡಿ. ಮೊದಲು ಬಲಗಡೆ ಲೀಡ್ ಹಾಕಿ ಇನ್ನೊಂದು ಇಸಿಜಿ ತೆಗೀರಿ."

ಎದೆನೋವಿಗೆ ಕೊಡುವ ಸಾರ್ಬಿಟ್ರೇಟ್ ಮಾತ್ರೆ ನನ್ನ ಕೈಯಲ್ಲೇ ಇತ್ತು. ಹೃದಯದ ಬಲಭಾಗಕ್ಕೂ ಪೆಟ್ಟಾಗಿದ್ದರೆ ಅದನ್ನು ನಾಲಿಗೆ ಕೆಳಗೆ ಇಟ್ಟ ತಕ್ಷಣ ಬಿಪಿ ಕುಸಿಯಬಹುದು. ಲೀಡ್, ಅಂದರೆ ಎದೆಗೆ ಅಂಟಿಸುವ ವೈರು, ಬಲಗಡೆ ಹಾಕಿ ಇಸಿಜಿ ತೆಗೆದು ನೋಡಿದರೆ ಬಲಭಾಗಕ್ಕೂ ಪೆಟ್ಟಾಗಿತ್ತು. ಸಲೈನ್ ಹಾಕಿದೆವು. ತೂಕ 64 ಕೆಜಿ, ಅದಕ್ಕೆ 35 ಮಿಲಿಗ್ರಾಂ ಟೆನೆಕ್ಟೆಪ್ಲೇಸ್. ಒಂದೇ ಸಲ ಕೊಟ್ಟು ಮೈಸೂರಿಗೆ ಕಳಿಸಿದೆವು. ಒಂದು ತಿಂಗಳಾದ ಮೇಲೆ ಅವರು ಒಂದು ಗೊನೆ ಬಾಳೆಹಣ್ಣು ತಂದುಕೊಟ್ಟರು.

ಗಮನಿಸಿ, ಬಲಗಡೆ ಲೀಡ್ ಹಾಕಿ ಅಂತ ಹೇಳಿದ್ದು ಯಂತ್ರ ಅಲ್ಲ. ಅಟ್ಯಾಕ್ ಇದೆ ಅಂತ ಹೇಳಿ ಅದು ಸುಮ್ಮನಾಯಿತು. ಫೋನ್ ಮಾಡುವ ಡಾಕ್ಟರ್ ಇಲ್ಲದೆ ಬರೀ ಎಐ ಮಾರುವವರು ಬಂದರೆ ನಾನಂತೂ ಬೇಡ ಅನ್ನುತ್ತೇನೆ.

ಇನ್ನೊಂದು, ಯಂತ್ರಕ್ಕೆ ವೈರು ಎಲ್ಲಿ ಅಂಟಿಸಿದ್ದೀರಿ ಅಂತ ಕಾಣುವುದಿಲ್ಲ. ಎದೆಯ ಮೊದಲ ಎರಡು ಲೀಡ್ ನಾಲ್ಕನೇ ಪಕ್ಕೆಲುಬಿನ ಸಂದಿನಲ್ಲಿ ಕೂರಬೇಕು. ಹೊಸ ಹುಡುಗಿ ಒಬ್ಬಳು ಕತ್ತಿನ ಮೂಳೆ ಹತ್ತಿರ ಅಂಟಿಸಿದ್ದಳು. "ಹಳೇ ಅಟ್ಯಾಕ್ ಇರಬಹುದು" ಅಂತ ರಿಪೋರ್ಟ್ ಬಂತು, ಮನೆಯವರ ಅಳು ಶುರುವಾಯಿತು. ಸರಿಯಾಗಿ ಹಾಕಿದರೆ ನಾರ್ಮಲ್! ಕೈಯ ವೈರಿಗೆ ನಾನು ಹೇಳಿಕೊಡುವುದು ನಮ್ಮ ಬಾವುಟದ ಬಣ್ಣ: ಬಲಗೈಗೆ ಕೆಂಪು, ಎಡಗೈಗೆ ಹಳದಿ. ಅದನ್ನು ಯಾರೂ ಮರೆಯುವುದಿಲ್ಲ.

ಈಗ ಬೈಗುಳ. ಕೇಬಲ್ ತುಂಬಾ ಗಿಡ್ಡ. ಸ್ಟ್ರೆಚರ್ ಗೋಡೆಗೆ ಒತ್ತಿಕೊಂಡಿದ್ದರೆ ಯಂತ್ರವನ್ನು ರೋಗಿಯ ಕಾಲ ಮೇಲೆ ಇಡಬೇಕು. ಜೆಲ್ ಹತ್ತಿದ ಗ್ಲೌಸಿನಲ್ಲಿ ಟಚ್ ಸ್ಕ್ರೀನ್ ಕೆಲಸ ಮಾಡುವುದಿಲ್ಲ. ಮಳೆ ಬಂದರೆ ನೆಟ್‌ವರ್ಕ್ ಇಲ್ಲ. ಎಲ್ಲಕ್ಕಿಂತ ಸಿಟ್ಟು ಬರುವುದು ರಿಪೋರ್ಟ್ ಬರೀ ಡಾಕ್ಟರ ಫೋನಿಗೆ ಹೋಗುವುದಕ್ಕೆ. ಅವರು ಮೇಲೆ ವಾರ್ಡಿನಲ್ಲಿ, ರೋಗಿ ಕೆಳಗೆ ನನ್ನ ಹತ್ತಿರ. ಯಂತ್ರದ ಮೇಲೆ ಒಂದು ಕೆಂಪು ದೀಪ ಉರಿದರೂ ಸಾಕಿತ್ತು. ಇದನ್ನು ಮಾಡಿದವರು ಒಂದು ರಾತ್ರಿ ಪಾಳಿಗೂ ಬಂದಿಲ್ಲ ಅನ್ನಿಸುತ್ತದೆ.

ನನ್ನ ತಮ್ಮ ಅಮೆರಿಕದ ಮಾಕ್ಸಿ ಅನ್ನುವ ರೋಬೋ ವಿಡಿಯೋ ಕಳಿಸಿದ್ದ. ಒಂದೇ ಕೈಯ ಅದು ಲ್ಯಾಬಿಗೆ ಸ್ಯಾಂಪಲ್ ತಲುಪಿಸಿ ಬರುತ್ತದೆ. ಚೆನ್ನಾಗಿದೆ. ನಮ್ಮ ಎಮರ್ಜೆನ್ಸಿ ಟ್ರಾಲಿಯ ನಾಲ್ಕು ಚಕ್ರದಲ್ಲಿ ಒಂದು ತಿರುಗುವುದಿಲ್ಲ, ಮೊದಲು ಅದಾಗಲಿ.

ಐದಕ್ಕೆ ನಾಲ್ಕು ಸ್ಟಾರ್. ಸರ್ವೀಸಿಗೆ ಬಂದ ಹುಡುಗನಿಗೆ ಉದ್ದದ ಕೇಬಲ್ ಬೇಕು, ಕೆಂಪು ದೀಪ ಬೇಕು ಅಂತ ಹೇಳಿದೆ. ಎಲ್ಲ ಬರೆದುಕೊಂಡು ಹೋದ. ಮುಂದಿನ ಸಲ ಬಂದಾಗ ಕಂಪನಿಯ ಕ್ಯಾಲೆಂಡರ್ ತಂದಿದ್ದ.